ಹೆಚ್ಚಿದ ಜೋಳ

ರಾಮಲಿಂಗಪ್ಪನ ಸಂಶೋಧನೆಯಲ್ಲಿ ಬರಬಾರದ ಕಡೆ ಒಂದು ಕೂಡುವ ಚಿಹ್ನೆ ಬಂದು ಕೂತಿತ್ತು. ಬರಬೇಕಾದ ಕಡೆ ಅವನ ಅಕ್ಕ ಬಂದಿರಲಿಲ್ಲ. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವಿದೆ ಎಂದು ಎಂಬತ್ತಮೂರನೇ ಇಸವಿಯ ಶ್ರಾವಣದವರೆಗೂ ಅವನಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ರಾಯಚೂರಿನಿಂದ ಮಾನ್ವಿಯವರೆಗೆ ಎಲ್ಲರೂ ಅವನನ್ನು ಬುದ್ಧಿವಂತ ಎಂದೇ ತಿಳಿದಿದ್ದರು.

ರಾಯಚೂರಿನ ಒಂದು ಕಾಲೇಜಿನಲ್ಲಿ ಅವನು ಅರ್ಥಶಾಸ್ತ್ರದ ಪ್ರೊಫೆಸರ್. ಹುಟ್ಟಿದ್ದು ಮಾನ್ವಿ ತಾಲೂಕಿನ ಬಾಗಲವಾಡದ ಕೇರಿಯಲ್ಲಿ. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ಗೋಪಮ್ಮ, ಅಕ್ಕ ಮೂಕಮ್ಮ ಇಬ್ಬರೂ ಬೇರೆಯವರ ಹೊಲದಲ್ಲಿ ಕಸ ತೆಗೆದು, ಶೇಂಗಾ ಕಿತ್ತು ಅವನನ್ನು ಓದಿಸಿದರು. ಅಕ್ಕನ ಹೆಸರು ಮೂಕಮ್ಮ ಎಂದು ಯಾರು ಇಟ್ಟರೋ, ಅವಳು ಹೊಲದಲ್ಲಿ ಮಾತಾಡಿದರೆ ಊರ ಅಗಸಿ ಬಾಗಿಲವರೆಗೆ ಕೇಳುತ್ತಿತ್ತು. ಅವಳನ್ನು ದೇವದುರ್ಗದ ಗದ್ದೆಪ್ಪನಿಗೆ ಕೊಟ್ಟರು. ಅವ್ವ ಕಣ್ಣು ಮುಚ್ಚಿದ ಮೇಲೆ ತಮ್ಮನಿಗೆ ಒಡಹುಟ್ಟು, ಬಳಗ ಎಂದು ಉಳಿದದ್ದು ಅವಳೊಬ್ಬಳೇ. ಪ್ರತಿ ಶ್ರಾವಣಕ್ಕೆ ರಾಮಲಿಂಗಪ್ಪ ರಾಯಚೂರಿನ ಗಂಜಿನಿಂದ ಒಂದು ಚೀಲ ಜೋಳ ಕೊಂಡು ದೇವದುರ್ಗದ ಬಸ್ಸಿನ ಮೇಲೆ ಹಾಕಿಸುತ್ತಿದ್ದ. ಅಕ್ಕ ಬೇಡ ಅನ್ನುತ್ತಿರಲಿಲ್ಲ, ಯಾಕೆ ಕಳಿಸಿದೆ ಎಂದೂ ಕೇಳುತ್ತಿರಲಿಲ್ಲ.

ಅವನ ಸಂಶೋಧನೆಗೆ ಸೂಕ್ಷ್ಮ ಅರ್ಥಮಿತಿ ಎಂದು ಹೆಸರು. ಹೆಸರು ಕೇಳಿ ಹೆದರಬೇಕಾದ್ದೇನೂ ಇಲ್ಲ. ದೇಶದ ಒಟ್ಟು ಬೆಳೆ, ಒಟ್ಟು ಆದಾಯ ಎಂದು ದಿಲ್ಲಿಯಲ್ಲಿ ಕೂತು ಕೂಡಿಸುವವರು ಬೇರೆ. ಇವನು ಮನೆ ಮನೆಗೆ ಹೋಗಿ, ಈ ಮನೆಯ ಹೆಂಗಸು ಕೂಲಿಗೆ ಹೋಗುತ್ತಾಳೋ ಇಲ್ಲವೋ, ಹೋದರೆ ಯಾಕೆ, ಬಿಟ್ಟರೆ ಯಾಕೆ ಎಂದು ಕೇಳಿ, ಆ ಉತ್ತರಗಳನ್ನೆಲ್ಲ ಒಂದು ಸಮೀಕರಣಕ್ಕೆ ಇಳಿಸುವವನು. ಮನೆಯಲ್ಲಿ ಕಾಳು ಕಡಿಮೆಯಾದಷ್ಟೂ ಹೆಂಗಸರು ಕೂಲಿಗೆ ಹೆಚ್ಚು ದಿನ ಹೋಗುತ್ತಾರೆ, ಕಾಳು ಇದ್ದರೆ ಒಂದೆರಡು ದಿನ ಮೈ ಚೆಲ್ಲುತ್ತಾರೆ. ಇದು ಯಾರಿಗಾದರೂ ತಿಳಿಯುವ ಮಾತು. ಹಾಗಾಗಿ ಸಮೀಕರಣದಲ್ಲಿ ಕಾಳಿನ ಹಿಂದೆ ಕಳೆಯುವ ಚಿಹ್ನೆ ಬರಬೇಕು.

ಎಂಬತ್ತೆರಡರ ಶ್ರಾವಣದಲ್ಲಿ ದೇವದುರ್ಗ, ಮಾನ್ವಿ ಎರಡೂ ತಾಲೂಕಿನ ಕೇರಿಗಳಲ್ಲಿ ಕೆಲಸ ಶುರುವಾಯಿತು. ಜೊತೆಗೆ ಅದೇ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಮಹಮ್ಮದ್ ಹುಸೇನ್, ಮತ್ತೆ ಕೊನೆಯ ವರ್ಷದ ಕೆಲವು ವಿದ್ಯಾರ್ಥಿಗಳು. ರಾಮಲಿಂಗಪ್ಪ ಅವರಿಗೆ ಕಟ್ಟುನಿಟ್ಟಾದ ನಿಯಮ ಹಾಕಿಕೊಟ್ಟಿದ್ದ. ಪ್ರಶ್ನೆಯನ್ನು ಅಚ್ಚು ಹಾಕಿದಂತೆಯೇ ಓದಬೇಕು, ಒಂದಕ್ಷರ ಕೂಡಿಸಬಾರದು, ಬಿಡಬಾರದು. ಕಟ್ಟೆಯ ಮೇಲೆ ಕೂರಬೇಕು, ಹೊಸ್ತಿಲು ದಾಟಬಾರದು. ಒಳಗೆ ಹೋದರೆ ಜಪ್ತಿ ಮಾಡಲು ಬಂದವರೆಂದು ಜನ ಹೆದರುತ್ತಾರೆ. ಉತ್ತರ ಏನೇ ಇರಲಿ, ನಗಬಾರದು, ಮುಖ ಗಂಟಿಕ್ಕಬಾರದು. ಎಷ್ಟು ಸೇರು ಜೋಳವಿದೆ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ ಎಂದು ಅವನೇ ಯೋಚಿಸಿ ಒಂದು ಉಪಾಯ ಮಾಡಿದ್ದ. ಉತ್ತರಕ್ಕೆ ಕಾಗದದ ಮೇಲೆ ಗೆರೆ ಹಾಕಿದ ನಾಲ್ಕೇ ಮನೆ: ಇಲ್ಲ, ಸ್ವಲ್ಪ, ಸಾಕಷ್ಟು, ಹೆಚ್ಚು. ಜನ ಹೇಳಿದ ಮಾತಿಗೆ ಹೊಂದುವ ಮನೆಯಲ್ಲಿ ಗುರುತು ಹಾಕಿದರೆ ಮುಗಿಯಿತು. ಈ ಉಪಾಯದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಯಾವ ಮನೆ ಕೇಳಬೇಕು ಎಂಬುದನ್ನು ಚೀಟಿ ಎತ್ತಿ ಆರಿಸಿದ್ದರು. ದೇವದುರ್ಗದ ಕೇರಿಯ ಚೀಟಿಯಲ್ಲಿ ಗದ್ದೆಪ್ಪನ ಮನೆ ಬಂತು. ನಮ್ಮ ಅಕ್ಕನ ಮನೆ, ಬಿಟ್ಟುಬಿಡೋಣ ಎಂದರೆ ಶಾಸ್ತ್ರ ಒಪ್ಪುವುದಿಲ್ಲ. ಬೇರೆಯವರನ್ನು ಕಳಿಸಿದರೆ ಅಕ್ಕ ಅವರನ್ನು ಉಣ್ಣಿಸಿ ಕಳಿಸುವಳೇ ಹೊರತು ಉತ್ತರ ಹೇಳುವುದಿಲ್ಲ. ಕೊನೆಗೆ ರಾಮಲಿಂಗಪ್ಪನೇ ಹೋದ. ಹುಸೇನ್ ಮತ್ತು ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರು. ಅವರೆದುರು ತಾನು ಹಾಕಿದ ನಿಯಮ ತಾನೇ ಮುರಿಯಲಾಗದೆ, ಅಕ್ಕ ಒಳಗೆ ಬಾ ಅಂದರೂ ಹೋಗದೆ, ಕಟ್ಟೆಯ ಮೇಲೆ ಕೂತು ಅಚ್ಚಿನಲ್ಲಿದ್ದಂತೆಯೇ ಓದಿದ:

“ತಮ್ಮ ಮನೆಯಲ್ಲಿ ಈಗ ಜೋಳದ ದಾಸ್ತಾನು ಎಷ್ಟಿದೆ?”

ತಮ್ಮ ತನ್ನನ್ನು ‘ತಮ್ಮ ಮನೆ’ ಎಂದು ಬಹುವಚನದಲ್ಲಿ ಕೇಳಿದ್ದಕ್ಕೆ ಮೂಕಮ್ಮನಿಗೆ ನಗು ಬಂತು. ಆಮೇಲೆ ಹುಸೇನನ ಕಡೆ, ಹುಡುಗರ ಕಡೆ ನೋಡಿದಳು. ನಗು ನಿಂತಿತು. ಸೆರಗು ಸರಿಮಾಡಿಕೊಂಡು, ಅವನೊಬ್ಬನಿಗೇ ಹೇಳುವಂತೆ ತಗ್ಗಿದ ದನಿಯಲ್ಲಿ ಅಂದಳು:

“ಹೆಚ್ಚ್ಯಾವಪಾ.”

ನಗಬಾರದು ಎಂಬ ನಿಯಮವನ್ನು ಅವನು ಅಲ್ಲೊಂದು ಕಡೆ ಮುರಿದ. ಅಕ್ಕನ ಮನೆಯಲ್ಲಿ ಜೋಳ ಹೆಚ್ಚಾಗಿದೆ ಎಂದರೆ ಯಾವ ತಮ್ಮನಿಗೆ ಖುಷಿಯಾಗುವುದಿಲ್ಲ? ಮುಖ ಅರಳಿಸಿ, “ಭಾಳ ಚಲೋ ಆತಕ್ಕಾ” ಅಂದ. ‘ಹೆಚ್ಚು’ ಎಂಬ ಮನೆಯಲ್ಲಿ ಗುರುತು ಹಾಕಿದ. ಮುಂದಿನ ಮನೆಗೆ ನಡೆದ.

ಆ ವರ್ಷ ಗಂಜಿನಿಂದ ಜೋಳದ ಚೀಲ ಹೋಗಲಿಲ್ಲ. ಇದ್ದವರಿಗೇ ಮತ್ತೆ ಯಾಕೆ ಕಳಿಸುವುದು ಎಂದು ಅವನು ಹೆಂಡತಿ ಕನಕಮ್ಮನಿಗೆ ಹೇಳಿದ.

ಉತ್ತರಗಳನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಸಿ, ಟ್ರಂಕಿನಲ್ಲಿ ತುಂಬಿಕೊಂಡು, ಹುಸೇನ್ ಹೈದರಾಬಾದಿನ ಕಂಪ್ಯೂಟರಿಗೆ ಉಣಿಸಿ ಬಂದ. ಫಲಿತಾಂಶದ ಉದ್ದ ಕಾಗದ ಬಿಚ್ಚಿದರೆ, ಕಾಳಿನ ಹಿಂದೆ ಕೂಡುವ ಚಿಹ್ನೆ. ಮನೆಯಲ್ಲಿ ಕಾಳು ಹೆಚ್ಚಿದ್ದಷ್ಟೂ ಹೆಂಗಸರು ಹೆಚ್ಚು ದಿನ ದುಡಿಯುತ್ತಾರೆ! ಅದೂ ಸಾಲದೆಂಬಂತೆ, ಕಾಲುವೆ ನೀರುಂಡು ಭತ್ತ ಬೆಳೆಯುವ ಮಾನ್ವಿ, ಪೋತ್ನಾಳದ ಕಡೆಗಿಂತ, ಮಳೆಯನ್ನೇ ನಂಬಿದ ದೇವದುರ್ಗದ ಕೇರಿಗಳಲ್ಲಿ ‘ಹೆಚ್ಚು’ ಎಂದವರು ಜಾಸ್ತಿ.

ಇಂಥ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯ ಎಲ್ಲೋ ತಪ್ಪಾಗಿದೆ ಅನ್ನುತ್ತಾನೆ. ಓದಿದವನು ಅದಕ್ಕೊಂದು ಕಾರಣ ಕಟ್ಟುತ್ತಾನೆ. ರಾಮಲಿಂಗಪ್ಪ ಚೆನ್ನಾಗಿಯೇ ಕಟ್ಟಿದ. ಹೊಟ್ಟೆ ತುಂಬಿದ್ದರೆ ಮೈಯಲ್ಲಿ ಕಸುವು ಇರುತ್ತದೆ, ಕಸುವು ಇದ್ದರೆ ಕೆಲಸ ಸಾಗುತ್ತದೆ. ದೇವದುರ್ಗದವರು ಒಣ ಭೂಮಿಯವರು, ಮುಂದಿನದನ್ನು ಯೋಚಿಸಿ ಕಾಳು ಕೂಡಿಡುತ್ತಾರೆ. ಕೂಡಿಟ್ಟದ್ದನ್ನು ಉಂಡು ಇನ್ನಷ್ಟು ದುಡಿಯುತ್ತಾರೆ. ಓದಲು ಎಷ್ಟು ಚೆಂದವಾಗಿತ್ತೆಂದರೆ, ಧಾರವಾಡದಲ್ಲಿದ್ದ ಅವನ ಮಾರ್ಗದರ್ಶಕ ಸಿದ್ದರಾಮಪ್ಪನವರು ಎರಡು ಸಲ ಓದಿ, ಎಂಬತ್ತಮೂರರ ಡಿಸೆಂಬರಿನಲ್ಲಿ ದಿಲ್ಲಿಯ ಸಮ್ಮೇಳನದಲ್ಲಿ ಮಂಡಿಸಬೇಕು ಎಂದು ಬರೆದರು. ಕೇರಿಗಳಿಗೆ ಕಾಳು ಹಂಚುವ ಅಗತ್ಯವೇ ಇಲ್ಲ ಎಂದು ಇದರಿಂದ ತೋರಿಸಬಹುದು, ಸರ್ಕಾರದವರೂ ಕಿವಿಗೊಡುತ್ತಾರೆ ಎಂದೂ ಸೇರಿಸಿದರು. ದಿಲ್ಲಿ ಮುಗಿದರೆ ಡಾಕ್ಟರೇಟ್ ಮನೆಬಾಗಿಲಿಗೆ ಬಂದಂತೆ.

ಈ ನಡುವೆ ಮೇ ತಿಂಗಳಲ್ಲಿ ಕನಕಮ್ಮ ಹೆಣ್ಣು ಹೆತ್ತಳು. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಬಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಆಗಲೇ ಹೆಸರು ಹೆಸರಾಗುವುದು. ಮೂಕಮ್ಮನಿಗೆ ಹೇಳಿ ಕಳಿಸಿದರು. ಕೈ ಬಿಡುವಿಲ್ಲ ಎಂದು ಉತ್ತರ ಬಂತು. ಇನ್ನೊಂದು ದಿನ ಗೊತ್ತು ಮಾಡಿ ಮತ್ತೆ ಹೇಳಿ ಕಳಿಸಿದರು. ಆ ಸಲ ಉತ್ತರವೇ ಬರಲಿಲ್ಲ. ತಮ್ಮನ ಕೂಸು ಎಂದರೆ ಕಾಲಿಗೆ ಚಪ್ಪಲಿ ಇಲ್ಲದೆ ಓಡಿ ಬರುವ ಅಕ್ಕ. ಅಂಥವಳಿಗೆ ಏನಾಯಿತು?

“ನೀವಾರ ಹೋಗಿ ಕೇಳ್ರಿ. ಏನೋ ಸಿಟ್ಟು ಅದ ಅಕ್ಕಾರಿಗಿ,” ಎಂದಳು ಕನಕಮ್ಮ.

“ಸಿಟ್ಟು ಯಾಕ? ನಾ ಏನು ಮಾಡೀನಿ? ಬೇಕಾದ್ರ ಬಾಜೂ ಮನಿ ಬೂದೆಮ್ಮನ ಕರದು ಹೆಸರಿಡಿಸು.”

“ಬೂದೆಮ್ಮ ಈ ಕೂಸಿಗಿ ಅತ್ತಿ ಏನ್ರಿ? ಖಾಸ ಅತ್ತಿ ಬರೂತನ ನನ್ನ ಕೂಸಿಗಿ ಹೆಸರಿಲ್ಲ.”

ಹಾಗೆ ಮೂರು ತಿಂಗಳಾದರೂ ಕೂಸು ಬರೇ ಕೂಸಾಗಿಯೇ ಇತ್ತು. ರಾಮಲಿಂಗಪ್ಪನಿಗೆ ಅದು ಒಳಗೆ ಕೊರೆಯುತ್ತಿತ್ತು. ಆದರೆ ದಿಲ್ಲಿಯ ಪ್ರಬಂಧ ತಿದ್ದುವುದಿತ್ತು. ದೇವದುರ್ಗಕ್ಕೆ ಹೋಗುವುದನ್ನು ಅವನು ಈ ವಾರ, ಮುಂದಿನ ವಾರ ಎಂದು ತಳ್ಳುತ್ತ ಬಂದ.

ಶ್ರಾವಣದ ಒಂದು ಭಾನುವಾರ ಮುಂಜಾನೆ ಅವನು ಪಡಸಾಲೆಯಲ್ಲಿ ಪ್ರಬಂಧ ಹರವಿಕೊಂಡು ಕೂತಿದ್ದ. ಕನಕಮ್ಮ ಅಂಗಳದ ನಳದಲ್ಲಿ ಕೊಡ ತಿಕ್ಕುತ್ತಿದ್ದಳು. ಕೈ ಕೊಡದ ಕಂಠಕ್ಕೆ ತಗುಲಿತು.

“ಅಯ್ಯ ಶಿವನ! ಬಳಿ ಹೆಚ್ಚಿದ್ವು ನೋಡ್ರಿ.”

ಅವನು ತಲೆ ಎತ್ತಲಿಲ್ಲ. “ಹೆಚ್ಚಾಗಿದ್ರ ಯಾರಿಗಾರ ಕೊಡು,” ಅಂದ.

“ಈ ಚೂರು ಯಾರಿಗಿ ಕೊಡ್ಲಿ?”

ಅವನು ಆಗ ನೋಡಿದ. ಕನಕಮ್ಮನ ಬಲಗೈ ಬೋಳಾಗಿತ್ತು. ಹಸಿರು ಗಾಜಿನ ಚೂರುಗಳನ್ನು ಅವಳು ಯಾರ ಕಾಲಿಗೂ ಚುಚ್ಚದಿರಲೆಂದು ಒಂದೊಂದಾಗಿ ಆರಿಸುತ್ತಿದ್ದಳು. ರಾಮಲಿಂಗಪ್ಪ ಲೇಖನಿ ಕೆಳಗಿಟ್ಟ.

“ಏನಂದಿ ನೀ ಈಗ?”

“ಬಳಿ ಹೆಚ್ಚಿದ್ವು ಅಂದೆ. ಕೇಳ್ಸಲಿಲ್ಲೇನು?”

“ಮತ್ತ... ಮನ್ಯಾಗ ಜ್ವಾಳ ಇಲ್ಲದಂಗ ಆದ್ರ ಏನಂತೀ?”

“ಶ್ರಾವಣದಾಗ, ಮುಂಜಾನಿ ಹೊತ್ತು, ಎಂಥಾ ಮಾತು ಕೇಳ್ತೀರಿ?” ಕನಕಮ್ಮ ಬೆರಳಿನಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಇಲ್ಲ ಅನ್ನಬಾರದು. ಹೆಚ್ಚ್ಯಾವ ಅಂತೀವಿ.”

“ಮತ್ತ ಭಾಳ ಇದ್ದಾಗ?”

“ಭಾಳ ಇದ್ರ ಭಾಳ ಅದಾವ ಅಂತೀವಿ. ನಿಮಗ ಇವತ್ತು ಏನಾಗ್ಯಾದ?”

ನಮ್ಮದು ಹೋಗುವವನು ‘ಬರ್ತೀನಿ’ ಎಂದು ಹೇಳಿ ಹೋಗುವ ನಾಡು. ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಅನ್ನ ಕೊಡುವ ಕಾಳಿಗಂತೂ ‘ಇಲ್ಲ’ ಎಂಬ ಮಾತನ್ನು ತಗುಲಿಸುವುದೇ ಇಲ್ಲ. ಇದನ್ನು ರಾಮಲಿಂಗಪ್ಪನಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಸಣ್ಣವನಿದ್ದಾಗ ಬಾಗಲವಾಡದಲ್ಲಿ, ಪಕ್ಕದ ಮನೆಯವಳು ಕಡ ಕೇಳಲು ಬಂದಾಗ, ಇವನು ನಡುವೆ ಬಾಯಿ ಹಾಕಿ “ನಮ್ಮ ಮನ್ಯಾಗ ಜ್ವಾಳ ಮುಗ್ದಾವ” ಅಂದಿದ್ದ. ಅವ್ವ ಅವಳೆದುರೇ ಬಾಯಿಗೆ ಹೊಡೆದಿದ್ದಳು. “ಮುಗ್ದಾವ ಅನಬ್ಯಾಡ, ಬಾಡ್ಯಾ. ಹೆಚ್ಚ್ಯಾವ ಅನ್ನು.” ಅಕ್ಕ ಮೂಕಮ್ಮ ಒಲೆಯ ಮುಂದೆ ಕೂತು ನಕ್ಕಿದ್ದಳು. ಆ ಏಟಿನ ನೆನಪು ಈಗ ತುಟಿಯ ಮೇಲೆ ಹಸಿಯಾಗಿ ಎದ್ದು ಬಂತು.

ಹಾಗಾದರೆ ಮರೆತದ್ದು ಹೇಗೆ? ಸಂಬಳ ಬರಲು ಶುರುವಾದ ಮೇಲೆ ಅವನ ಮನೆಯಲ್ಲಿ ಜೋಳ ಒಂದು ಸಲವೂ ಹೆಚ್ಚಿರಲಿಲ್ಲ. ಒಂದು ಚೀಲ ತಳ ಕಾಣುವ ಮುಂಚೆ ಗಂಜಿನಿಂದ ಇನ್ನೊಂದು ಬರುತ್ತಿತ್ತು. ಬಳಸದ ಮಾತು ಎಲ್ಲೋ ಮೂಲೆ ಸೇರಿತ್ತು.

ಅವನು ಅಂಗಿ ಹಾಕಿಕೊಂಡು ಸೀದಾ ಹುಸೇನನ ಮನೆಗೆ ನಡೆದ. ಹುಸೇನ್ ಪೂರ್ತಿ ಕೇಳಿ, ತಲೆಯ ಮೇಲೆ ಕೈ ಹೊತ್ತು ಕೂತ.

“ನಮ್ಮ ಮನ್ಯಾಗೂ ಹಂಗ ಅಂತೀವಲ್ರೀ,” ಅಂದ. “ನಮ್ಮ ಅಬ್ಬಾ ದುಕಾನ್ ಮುಚ್ಚೂ ಮುಂದ ‘ದುಕಾನ್ ಬಢಾದೇ’ ಅಂತಾರ. ಮುಚ್ಚು ಅಂದ್ರ ಬೈತಾರ. ಬಢಾನಾ ಅಂದ್ರೂ ಹೆಚ್ಚು ಮಾಡೂದ. ದಿನಾ ಸಂಜಿ ಕೇಳೂ ಮಾತು. ಅಲ್ಲಿ ಕಟ್ಟೀ ಮ್ಯಾಲ ಕುಂತಾಗ ಯಾಕ ತಲಿಗೆ ಬರ್ಲಿಲ್ಲ?”

“ಪ್ರಶ್ನಿ ಮೊದಲ ಇಂಗ್ಲಿಷಿನಾಗ ಬರದಿದ್ವಿ. ಕನ್ನಡಕ್ಕ ನಾವ ತಿರುವಿದ್ವಿ. ಅವರ ಉತ್ತರಾನ ಮತ್ತ ಇಂಗ್ಲಿಷಿಗೆ ತಿರುವಿದ್ವಿ.”

“ಈಗ ಬ್ಯಾರೆ ಮಾಡೂದು ಹೆಂಗ? ‘ಭಾಳ ಅದಾವ’ ಅಂದವರೂ ಅದ ಮನ್ಯಾಗ, ‘ಹೆಚ್ಚ್ಯಾವ’ ಅಂದವರೂ ಅದ ಮನ್ಯಾಗ. ಕಾರ್ಡಿನಾಗ ಇಬ್ಬರಿಗೂ ಒಂದ ತೂತು.”

ಇಷ್ಟು ದಿನ ಕೂಡುವ ಚಿಹ್ನೆ ಅಂದುಕೊಂಡಿದ್ದು ಖಾಲಿ ಗಡಿಗೆಗಳ ಗುರುತು. ಹೊಟ್ಟೆ ತುಂಬಿದವರು ಹೆಚ್ಚು ದುಡಿಯುತ್ತಿರಲಿಲ್ಲ. ಗಡಿಗೆ ತಳ ಕಂಡವರು ಬಿಡುವಿಲ್ಲದೆ ಹೊಲಕ್ಕೆ ಓಡುತ್ತಿದ್ದರು. ಯಾರಿಗಾದರೂ ತಿಳಿಯುವ ಮಾತೇ ನಿಜವಾಗಿತ್ತು.

ಮರುದಿನ ರಾಮಲಿಂಗಪ್ಪ ಅಂಚೆ ಕಚೇರಿಗೆ ಹೋಗಿ ಧಾರವಾಡಕ್ಕೆ ಟ್ರಂಕ್ ಕಾಲ್ ಹಚ್ಚಿದ. ಸಿದ್ದರಾಮಪ್ಪನವರ ದನಿ ದೂರದ ಬಾವಿಯಿಂದ ಬಂದ ಹಾಗಿತ್ತು.

“ಒಂದು ಶಬ್ದಕ್ಕ ಇಷ್ಟ್ಯಾಕ ಗಾಬರಿ ಆಗ್ತೀರಿ? ಯಾವ ಸಂಶೋಧನಾದಾಗ ಸಣ್ಣಪುಟ್ಟ ತಪ್ಪು ಇರೂದಿಲ್ಲ?”

“ಸಣ್ಣದಲ್ರೀ ಸರ್. ಬರೋಬರಿ ಉಲ್ಟಾ ಆಗ್ಯದ.”

“ಅದು ನಿಮ್ಮ ಅನುಮಾನ. ಆಧಾರ ಏನದ? ಹೆಚ್ಚು ಅಂತ ಬರದ ಒಂದು ಮನಿ ಖರೇನ ಖಾಲಿ ಇತ್ತಂತ ತೋರಿಸಬಲ್ರೇನು? ಒಂದ ಮನಿ?”

ರಾಮಲಿಂಗಪ್ಪ ರಿಸೀವರನ್ನು ಬಾಯಿಗೆ ಒತ್ತಿ ಹಿಡಿದ. ಸುತ್ತ ಅಂಚೆ ಚೀಟಿ ಕೊಳ್ಳಲು ನಿಂತವರ ಗದ್ದಲ.

“ಒಂದು ಮನಿ ಅದರೀ ಸರ್. ಅಲ್ಲಿ ನಾನ ಕೇಳಿದ್ದೆ, ನಾನ ಬರದಿದ್ದೆ.”

“ಮತ್ತ ಹೋಗಿ ಕೇಳ್ರಿ. ತುಂಬಿತ್ತು ಅಂದ್ರ ದಿಲ್ಲಿಗೆ ನಡೀರಿ. ಖಾಲಿ ಇತ್ತು ಅಂದ್ರ ಆಮ್ಯಾಲ ನೋಡೂಣು.”

ಮುಂದಿನ ಭಾನುವಾರ ರಾಮಲಿಂಗಪ್ಪ, ಕನಕಮ್ಮ ಮತ್ತು ಹೆಸರಿಲ್ಲದ ಕೂಸು ದೇವದುರ್ಗದ ಬಸ್ಸು ಹತ್ತಿದರು. ಮಳೆ ಹದವಾಗಿ ಬಿದ್ದು ದಾರಿಯುದ್ದಕ್ಕೂ ಹೊಲಗಳಲ್ಲಿ ಹೆಂಗಸರ ಸಾಲುಗಳಿದ್ದವು. ಕೂಸು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಕಿಟಕಿಯ ಹೊರಗೆ ನೋಡುತ್ತಿದ್ದ ರಾಮಲಿಂಗಪ್ಪನಿಗೆ ತನ್ನೊಳಗೆ ಒಂದು ಆಸೆ ಕೂತಿರುವುದು ಗೊತ್ತಾಯಿತು. ಅಕ್ಕ ಅಂದು ನಿಜವಾಗಿಯೂ ಹೆಚ್ಚಿದೆ ಎಂದೇ ಹೇಳಿರಲಿ, ಗಡಿಗೆ ಕಂಠದವರೆಗೆ ತುಂಬಿರಲಿ, ಅವಳ ಸಿಟ್ಟಿಗೆ ಬೇರೇನೋ ಕಾರಣವಿರಲಿ ಎಂಬ ಆಸೆ. ಅದು ಅಕ್ಕನ ಮೇಲಿನ ಮಮತೆಯಿಂದ ಹುಟ್ಟಿದ್ದೋ ದಿಲ್ಲಿಯ ಮೇಲಿನ ಆಸೆಯಿಂದ ಹುಟ್ಟಿದ್ದೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಹೊಳೆದ ಕೂಡಲೇ ನಾಚಿಕೆಯಾಯಿತು.

ಕೇರಿಯಲ್ಲಿ ಗದ್ದೆಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಇವರನ್ನು ಕಂಡು ಎದ್ದು, “ಬರ್ರಿ, ಬರ್ರಿ, ಎಷ್ಟು ದಿನಾತ್ರಿ” ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದ. ಮೂಕಮ್ಮ ಒಳಗಿನಿಂದ ನೀರು ತಂದಳು. ಕನಕಮ್ಮನಿಗೆ ಕೊಟ್ಟಳು, ತಮ್ಮನ ಮುಂದೆ ಚರಿಗೆ ಇಟ್ಟಳು. ಅವನ ಮುಖ ನೋಡಲಿಲ್ಲ. ಕೂಸಿನ ಗಲ್ಲವನ್ನು ಒಂದು ಸಲ ಮುಟ್ಟಿ, ಯಾರೋ ಬೈದಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅಕ್ಕಾರ,” ಎಂದಳು ಕನಕಮ್ಮ, “ಕೂಸಿಗಿ ಮೂರು ತಿಂಗಳಾದ್ವು. ನೀವು ಬಂದು ಕಿವ್ಯಾಗ ಹೆಸರು ಹೇಳೂತನ ಇದಕ ಹೆಸರಿಲ್ಲ. ಬರ್ರಿ ಅಕ್ಕಾರ.”

“ನಾ ಹೆಸರು ಹೇಳಿದ್ರ ಏನಾತು ಯವ್ವಾ?” ಎಂದಳು ಮೂಕಮ್ಮ. ಮಾತು ಕನಕಮ್ಮನಿಗೆ, ಏಟು ತಮ್ಮನಿಗೆ. “ನಿನ್ನ ಗಂಡಗ ನನ್ನ ಬಾಯಾಗಿನ ಮಾತು ತಿಳಿಯೂದಿಲ್ಲ. ನಾ ಹೇಳಿದ ಹೆಸರು ತಿಳೀತದೇನು?”

ರಾಮಲಿಂಗಪ್ಪ ಚರಿಗೆ ಮುಟ್ಟದೆ ಕೂತಿದ್ದ. ಕೇಳಬೇಕಾದ್ದನ್ನು ಬಸ್ಸಿನಲ್ಲಿ ಹತ್ತು ರೀತಿಯಲ್ಲಿ ಜೋಡಿಸಿಕೊಂಡಿದ್ದ. ಒಂದೂ ನೆನಪಾಗಲಿಲ್ಲ.

“ಅಕ್ಕಾ, ಹೋದ ಶ್ರಾವಣದಾಗ ನಾ ಜ್ವಾಳ ಕೇಳಿದಾಗ ಹೆಚ್ಚ್ಯಾವ ಅಂದಿ...”

“ಅಂದೆ.” ಈಗ ಅವಳು ಅವನ ಕಡೆ ತಿರುಗಿದಳು. “ಮತ್ತೇನನ್ನಬೇಕಿತ್ತು? ಊರ ಮಂದೀನ ಕಟಗೊಂಡು ಬಂದು ಕಟ್ಟೀ ಮ್ಯಾಲ ಕುಂತಿ. ಒಳಗ ಬಾ ಅಂದ್ರ ಬರ್ಲಿಲ್ಲ. ಸರ್ಕಾರದವನಂಗ ತಮ್ಮ ಮನಿ, ತಮ್ಮ ಮನಿ ಅಂದಿ. ಆದ್ರೂ ನನ್ನ ತಮ್ಮಗ ತಿಳಿತೈತಿ, ಅವ್ವ ಬಾಯಿಗೆ ಹೊಡದು ಕಲಿಸಿದ ಮಾತು ಅಂತ ಹೇಳಿದೆ. ನೀ ಏನು ಮಾಡಿದಿ?”

ಅವನಿಗೆ ಗೊತ್ತಿತ್ತು. ಕಣ್ಣು ಕಂಬಳಿಯ ಅಂಚಿಗೆ ಇಳಿಸಿದ.

“ನಕ್ಕಿ. ಭಾಳ ಚಲೋ ಆತಕ್ಕಾ ಅಂದಿ.” ಮೂಕಮ್ಮನ ದನಿ ಒಡೆಯಿತು. “ಮನ್ಯಾಗ ಕಾಳು ಹೆಚ್ಚ್ಯಾವಪಾ ಅಂದ್ರ, ಒಡಹುಟ್ಟಿದಾಂವ ಹಲ್ಲು ತಗದು ಚಲೋ ಆತು ಅಂದ. ಬರಕೊಂಡು ಎದ್ದು ಹ್ವಾದ. ಬರೂ ಚೀಲಾನೂ ಬರ್ಲಿಲ್ಲ. ಚೀಲಕ್ಕ ಬೆಂಕಿ ಬೀಳಲಿ, ನಂಗ ಅದಲ್ಲ. ಆ ನಗು ಇನ್ನೂ ಕಣ್ಣಾಗ ಅದ.”

ಗದ್ದೆಪ್ಪ ಹಗ್ಗ ಹೊಸೆಯುವುದನ್ನು ಬಿಟ್ಟು ನೆಲ ನೋಡುತ್ತಿದ್ದ. ಕನಕಮ್ಮ ಕೂಸನ್ನು ಎದೆಗೆ ಅವಚಿಕೊಂಡಳು.

“ಮರ್ತಿದ್ದೆ ಅಕ್ಕಾ,” ಎಂದ ರಾಮಲಿಂಗಪ್ಪ. “ಆ ಮಾತು ಮರ್ತಿದ್ದೆ. ಭಾಳ ಅದಾವಂತ ತಿಳ್ಕೊಂಡೆ. ಖರೇ ಹೇಳ್ತೀನಿ, ಖುಷಿಗೆ ನಕ್ಕೆ.”

“ಮರ್ತ್ಯಾ?” ಮೂಕಮ್ಮ ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಹೀಗೊಂದು ಕಾರಣ ಇರಬಹುದೆಂದು ಒಂದು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ. ತಮ್ಮ ಕಲ್ಲಾಗಿದ್ದಾನೆ, ದೊಡ್ಡ ಮನುಷ್ಯನಾಗಿದ್ದಾನೆ, ಅಕ್ಕನ ಬಡತನಕ್ಕೆ ನಗುತ್ತಾನೆ ಎಂದೆಲ್ಲ ಅಂದುಕೊಂಡಿದ್ದಳು. ಮರೆತಿರಬಹುದು ಎಂದು ಮಾತ್ರ ಅಂದುಕೊಂಡಿರಲಿಲ್ಲ. “ಅದನ್ನ ಹೆಂಗ ಮರೀತಾರೋ ಯಪ್ಪಾ? ನೀ ಏನು ನಮ್ಮವ್ವನ ಹೊಟ್ಟ್ಯಾಗ ಹುಟ್ಟಿಲ್ಲೇನು?”

ಅವನು ಎದ್ದು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಹೊಸ್ತಿಲು ದಾಟಿದ.

“ಎಲ್ಲಿ ಹೊಂಟಿ?” ಎಂದಳು ಅಕ್ಕ ಹಿಂದಿನಿಂದ.

ಒಳಗೆ ಹೊಗೆಯ ವಾಸನೆ, ಪುಂಡಿಪಲ್ಯದ ಹುಳಿ ವಾಸನೆ. ಕಣ್ಣಿಗೆ ಕತ್ತಲೆ ಹೊಂದಲು ಸ್ವಲ್ಪ ಹೊತ್ತು ಹಿಡಿಯಿತು. ಮೂಲೆಯಲ್ಲಿ ಜೋಳದ ದೊಡ್ಡ ಗಡಿಗೆ ಇತ್ತು, ಸಿಂಬೆಯ ಮೇಲೆ, ಬಾಗಲವಾಡದಲ್ಲಿ ಅವ್ವ ಇಡುತ್ತಿದ್ದ ಜಾಗದಲ್ಲಿಯೇ. ಪರ ಮಂದಿ ಅದನ್ನು ತೆರೆದು ನೋಡಬಾರದು. ಒಡಹುಟ್ಟಿದವನು ನೋಡಬಹುದು. ಅವನು ಮುಚ್ಚಳ ತೆಗೆದು ಬಗ್ಗಿದ. ತಳದಲ್ಲಿ ಗಡಿಗೆ ಪೂರ್ತಿ ಬರಿದಾಗಬಾರದೆಂದು ಬಿಟ್ಟ ಒಂದು ಹಿಡಿ ಜೋಳ ಬಿಟ್ಟರೆ ಮಣ್ಣಿನ ತಳವೇ ಕಾಣುತ್ತಿತ್ತು. ಹೋದ ಶ್ರಾವಣದಲ್ಲಿ ಹೇಗಿತ್ತೋ ಈ ಶ್ರಾವಣದಲ್ಲಿಯೂ ಹಾಗೇ. ಇದನ್ನೇ ಅವನು ಇಂಗ್ಲಿಷಿನಲ್ಲಿ ಹೇರಳ ಎಂದು ಬರೆದು ದಿಲ್ಲಿಗೆ ಒಯ್ಯಲು ಹೊರಟಿದ್ದ. ಬಸ್ಸಿನಲ್ಲಿ ಇಟ್ಟುಕೊಂಡ ಆಸೆ ಅಲ್ಲಿಗೆ ಸತ್ತಿತು. ಸತ್ತದ್ದಕ್ಕೆ ಅವನಿಗೆ ದುಃಖವೇನೂ ಆಗಲಿಲ್ಲ. ಗಡಿಗೆಯ ಕಂಠ ಹಿಡಿದು ನಿಂತವನಿಗೆ ಅಳು ಬಂದದ್ದು ಅಕ್ಕನಿಗಾಗಿ.

ಮುಚ್ಚಳವನ್ನು ಮೊದಲಿನಂತೆಯೇ ಮುಚ್ಚಿ, ಕಣ್ಣೊರೆಸಿಕೊಂಡು ಹೊರಗೆ ಬಂದ. ಮೂವರೂ ಅವನ ಬಾಯನ್ನೇ ನೋಡುತ್ತಿದ್ದರು. ಖಾಲಿ ಅದ ಅನ್ನುವನೋ, ಇಲ್ಲ ಅನ್ನುವನೋ ಎಂದು ಮೂಕಮ್ಮ ಸೆರಗಿನ ತುದಿ ಬಿಗಿಯಾಗಿ ಹಿಡಿದಿದ್ದಳು.

“ಹೌದಕ್ಕಾ,” ಎಂದ ರಾಮಲಿಂಗಪ್ಪ ತಗ್ಗಿದ ದನಿಯಲ್ಲಿ. “ಹೆಚ್ಚ್ಯಾವ.”

ಮೂಕಮ್ಮ ಅವನ ಮುಖ ನೋಡಿದಳು. ಈ ಸಲ ಅವನು ನಕ್ಕಿರಲಿಲ್ಲ.

“ಹಾಂ,” ಎಂದಳು. “ಈಗ ಬರಕೋ.”

ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಕನಕಮ್ಮನ ಕಡೆ ಎರಡೂ ಕೈ ಚಾಚಿದಳು.

“ಕೊಡು ಯವ್ವಾ ಕೂಸಿನ್ನ. ಏನು ಹೆಸರಿಡಬೇಕಂತ ಮಾಡೀರಿ?”